ಒದ್ದೆ ಕೈಯಲ್ಲಿ ಸ್ವಿಚ್ ಯಾಕೆ ಮುಟ್ಟಬಾರದು?

ಒಂದು ಲೋಟ ಉಪ್ಪುನೀರು ಇದಕ್ಕೆ ಉತ್ತರ ಕೊಡುತ್ತೆ. ಮಕ್ಕಳೇ, ಮಾಡಿ ನೋಡೋಣ ಬನ್ನಿ!

ಮೂರು ಪೆನ್ಸಿಲ್ ಸೆಲ್‌ಗಳನ್ನು ಸಾಲಾಗಿ ಜೋಡಿಸಿ: ನಾಲ್ಕೂವರೆ ವೋಲ್ಟ್. ಅವುಗಳಿಗೆ ಒಂದು ಕೆಂಪು ಎಲ್‌ಇಡಿ, ಅದು ಸುಡದಂತೆ 220 ಓಮ್‌ನ ರೆಸಿಸ್ಟರ್, ಎರಡನ್ನೂ ವೈರ್‌ನಿಂದ ಒಂದೇ ಸಾಲಿನಲ್ಲಿ ಸೇರಿಸಿ. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗಿರಲಿ. ಸಾಲಿನ ಕೊನೆಯ ಎರಡು ವೈರ್ ತುದಿಗಳನ್ನು ಮಾತ್ರ ಜೋಡಿಸದೆ ಬಿಡಿ.

ಆ ತುದಿಗಳಿಗೆ ಸ್ಟೀಲ್ ಚಮಚ ತಾಗಿಸಿ. ಹತ್ತಿತು! ರಬ್ಬರ್ ಇಡಿ. ಹತ್ತಲಿಲ್ಲ. ಈಗ ತುದಿಗಳು ಒಂದಕ್ಕೊಂದು ತಾಗದ ಹಾಗೆ ಉಪ್ಪುನೀರಿಗೆ ಅದ್ದಿ. ನೋಡಿ, ಮಂದವಾಗಿ ಉರಿಯುತ್ತಿದೆ!

ಕರಗಿದ ಉಪ್ಪಿನ ಅಯಾನುಗಳೇ, ಅಂದರೆ ವಿದ್ಯುದಾವೇಶವಿರುವ ಕಣಗಳೇ, ನೀರಿನಲ್ಲಿ ಕರೆಂಟ್ ಸಾಗಿಸುತ್ತವೆ. ನಮ್ಮ ಬೆವರಿನಲ್ಲೂ ಉಪ್ಪಿದೆ, ನಲ್ಲಿ ನೀರಿನಲ್ಲೂ ಲವಣಗಳಿವೆ. ಒದ್ದೆ ಚರ್ಮ ಕರೆಂಟನ್ನು ಸುಲಭವಾಗಿ ಒಳಗೆ ಬಿಡುತ್ತದೆ. ಮನೆಯ ಸಾಕೆಟ್‌ನಲ್ಲಿರುವುದು 230 ವೋಲ್ಟ್! ಪ್ರಯೋಗ ಸೆಲ್‌ನಲ್ಲಿ ಮಾತ್ರ, ಸಾಕೆಟ್‌ನಲ್ಲಿ ಬೇಡವೇ ಬೇಡ.

ಇನ್ನೊಂದು ಕೆಲಸ ದೊಡ್ಡವರಿಗೆ. ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸುರಕ್ಷಾ ಸ್ವಿಚ್) ಹುಡುಕಿ, ಅದರ ಟೆಸ್ಟ್ ಬಟನ್ ಒತ್ತಿ. ಟಪ್ಪಂತ ಆಫ್ ಆಗಬೇಕು. ಮನೆಗಳಿಗೆ ಸಾಮಾನ್ಯವಾಗಿ ಹಾಕುವ ಆರ್‌ಸಿಸಿಬಿ, 30 ಮಿಲಿಆಂಪಿಯರ್ ಸೋರಿದರೆ ಕ್ಷಣದಲ್ಲೇ ಕರೆಂಟ್ ಕಡಿದು ಜೀವ ಉಳಿಸುತ್ತದೆ. ಆಫ್ ಆಗಲಿಲ್ಲವೇ? ಇವತ್ತೇ ಎಲೆಕ್ಟ್ರಿಷಿಯನ್‌ಗೆ ಹೇಳಿ. ಮನೆಯಲ್ಲಿ ಅದು ಇಲ್ಲವೇ ಇಲ್ಲವೆಂದರೆ, ದಯವಿಟ್ಟು ಹಾಕಿಸಿ.