ಅಲಾಭದ ಮರುದಿನ

ಮುನಿಗಳ ಆಹಾರಚರ್ಯೆಯನ್ನು ಒಮ್ಮೆಯಾದರೂ ಕಂಡವರಿಗೆ ಈ ದೃಶ್ಯ ಪರಿಚಿತ. ಬೆಳಗಿನ ಹೊತ್ತು ಶ್ರಾವಕ ಶ್ರಾವಿಕೆಯರು ಶುಚಿರ್ಭೂತರಾಗಿ, ಕೈಯಲ್ಲಿ ಕಲಶವನ್ನೋ ಹಣ್ಣನ್ನೋ ಹಿಡಿದು ತಮ್ಮ ತಮ್ಮ ಬಾಗಿಲಲ್ಲಿ ನಿಂತಿರುತ್ತಾರೆ. ಮುನಿಗಳು ಬಲಗೈಯ ಬೆರಳುಗಳನ್ನು ಕೂಡಿಸಿ ಹೆಗಲಿಗೆ ತಾಗಿಸಿ, ಮೌನವಾಗಿ ಬೀದಿಯಲ್ಲಿ ಬರುತ್ತಾರೆ. ಅಂದಿಗೆಂದು ಅವರು ಮನಸ್ಸಿನಲ್ಲಿ ಒಂದು ವಿಧಿಯನ್ನು ಸಂಕಲ್ಪಿಸಿರುತ್ತಾರೆ. ಆ ವಿಧಿ ಯಾವ ಬಾಗಿಲಲ್ಲಿಯೂ ಕೂಡಿಬರದಿದ್ದರೆ ಬೀದಿಯ ಕೊನೆಯವರೆಗೆ ನಡೆದು ಹಾಗೆಯೇ ಬಸದಿಗೆ ಮರಳುತ್ತಾರೆ. ಅಂದು ಆಹಾರವಿಲ್ಲ, ನೀರೂ ಇಲ್ಲ. ಕೆಲವೊಮ್ಮೆ ವಿಧಿ ಕೂಡಿ, ಅಂಜಲಿಗೆ ತುತ್ತು ಬಿದ್ದ ಮೇಲೆ ಒಂದು ಕೂದಲೆಳೆ ಕಾಣಿಸಿಕೊಂಡರೆ ಅಲ್ಲಿಗೆ ಮುಗಿಯಿತು. ‘ಅಂತರಾಯವಾಯಿತು’ ಎಂದು ಮನೆಯವರು ಕಣ್ಣೀರಿಡುತ್ತಾರೆ. ಮುನಿಗಳ ಮುಖ ಮಾತ್ರ ಬದಲಾಗದು. ಮರುದಿನ ಅದೇ ಹೊತ್ತಿಗೆ, ಅದೇ ನಡಿಗೆಯಲ್ಲಿ ಅವರು ಮತ್ತೆ ಹೊರಡುತ್ತಾರೆ.

ಇದಕ್ಕೆ ಅಲಾಭ ಪರೀಷಹಜಯವೆಂದು ಹೆಸರು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಎಣಿಸಿರುವ 22 ಪರೀಷಹಗಳಲ್ಲಿ ಅಲಾಭವು ಹದಿನೈದನೆಯದು. ಹಸಿವು, ಬಾಯಾರಿಕೆ, ಚಳಿ, ಸೆಕೆಗಳ ಸಾಲಿನಲ್ಲಿಯೇ ಅದಕ್ಕೂ ಸ್ಥಾನ ದೊರೆತಿದೆ. ಅಂದರೆ, ಅರಸಿ ಹೊರಟದ್ದು ದೊರಕದಿರುವುದು ಚಳಿಗಾಳಿಯಷ್ಟೇ ನಿಜವಾದ ನೋವೆಂದು ಶಾಸ್ತ್ರ ಒಪ್ಪುತ್ತದೆ. ‘ಅದೇನು ಮಹಾ, ಬಿಡು’ ಎಂದು ತಳ್ಳಿಹಾಕುವುದಿಲ್ಲ. ಪೂಜ್ಯಪಾದರಂತೂ ತಮ್ಮ ಸರ್ವಾರ್ಥಸಿದ್ಧಿಯಲ್ಲಿ, ಲಾಭಕ್ಕಿಂತ ಅಲಾಭವೇ ನನಗೆ ದೊಡ್ಡ ತಪಸ್ಸೆಂದು ಭಾವಿಸುವ ಮುನಿಯನ್ನು ನಮ್ಮ ಮುಂದೆ ನಿಲ್ಲಿಸುತ್ತಾರೆ.

ಈ ಪರೀಷಹವನ್ನು ಈಗ ನೆನೆಯಲು ಕಾರಣವಿದೆ. ಹೊಲಗಳಲ್ಲಿ ತೊಗರಿ ಮೊಳೆತು ಏಳುವ ಈ ಕಾಲದಲ್ಲಿಯೇ ಪ್ರವೇಶ ಪರೀಕ್ಷೆಗಳ ಫಲಿತಾಂಶಗಳೂ ಸೀಟು ಹಂಚಿಕೆಯ ಪಟ್ಟಿಗಳೂ ಬರುತ್ತವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಎಷ್ಟೋ ಮನೆಗಳಲ್ಲಿ ಆಗ ಮಾತು ನಿಂತುಹೋಗುತ್ತದೆ. ಎರಡು ವರ್ಷ ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಹಾಸ್ಟೆಲಿನಲ್ಲಿದ್ದು ಹಗಲಿರುಳು ಓದಿದ ಮಗು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿರುತ್ತದೆ. ಅಡುಗೆಮನೆಯಲ್ಲಿ ತಾಯಿ ಪಾತ್ರೆಯ ಸದ್ದಾಗದಂತೆ ಓಡಾಡುತ್ತಿರುತ್ತಾಳೆ.

ಲೆಕ್ಕವನ್ನು ನೋಡಿ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು ಮಂದಿ, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು 1 ಲಕ್ಷಕ್ಕಿಂತ ತುಸು ಹೆಚ್ಚು. ಅದೇ ವರ್ಷ ಎಲ್ಲ ಐಐಟಿಗಳು ಸೇರಿದರೂ ಸೀಟುಗಳ ಸಂಖ್ಯೆ 18 ಸಾವಿರವನ್ನು ಮುಟ್ಟಲಿಲ್ಲ. ಸಂವಿಧಾನದ 371 ಜೆ ವಿಧಿಯಿಂದ ನಮ್ಮ ಭಾಗದ ಮಕ್ಕಳಿಗೆ ರಾಜ್ಯದ ಕಾಲೇಜುಗಳಲ್ಲಿ ಮೀಸಲು ದೊರೆತಿದೆ, ಅದು ದೊಡ್ಡ ಉಪಕಾರ. ಐಐಟಿಯ ಬಾಗಿಲಿಗೆ ಅದು ಅನ್ವಯಿಸದು. ಇಪ್ಪತ್ತಮೂರು ಲಕ್ಷ ಮಕ್ಕಳೂ ಸಮನಾಗಿ ಓದಿದರೂ ಇಪ್ಪತ್ತೆರಡು ಲಕ್ಷದಷ್ಟು ಮಕ್ಕಳು ಹಿಂದಿರುಗಲೇಬೇಕು. ಇದು ಇಂದಿನ ಕಥೆಯೂ ಅಲ್ಲ. ಏಳನೆಯ ಶತಮಾನದಲ್ಲಿ ನಾಲಂದಾದಲ್ಲಿ ಓದಿದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್, ಅಲ್ಲಿಯ ದ್ವಾರದಲ್ಲಿ ಕೇಳುತ್ತಿದ್ದ ಪ್ರಶ್ನೆಗಳಿಗೆ ಉತ್ತರಿಸಲಾರದೆ ಹತ್ತರಲ್ಲಿ ಏಳೆಂಟು ಮಂದಿ ಮರಳುತ್ತಿದ್ದರೆಂದು ಬರೆದಿಟ್ಟಿದ್ದಾನೆ.

ಇನ್ನು ಶಾಸ್ತ್ರ ಮಾಡಿರುವ ಒಂದು ಸೂಕ್ಷ್ಮ ವಿಭಾಗವನ್ನು ಗಮನಿಸಬೇಕು. ಈ ಬರಹದ ಉದ್ದೇಶವೂ ಅದೇ. ಅಲಾಭದ ಬಳಿಕ ಅದೇ ಪಟ್ಟಿಯ ಕೊನೆಯ ಭಾಗದಲ್ಲಿ ‘ಅಜ್ಞಾನ’ ಎಂಬ ಇನ್ನೊಂದು ಪರೀಷಹ ಬರುತ್ತದೆ: ಇಷ್ಟು ಕಾಲ ಸಾಧಿಸಿದರೂ ನನಗೆ ಜ್ಞಾನ ಅರಳಲಿಲ್ಲವಲ್ಲ ಎಂಬ ಸಂಕಟ. ಹೊರನೋಟಕ್ಕೆ ಎರಡೂ ಒಂದೇ ಎನಿಸಬಹುದು. ಸೂತ್ರಕಾರರು ಹಾಗೆ ಹೇಳುವುದಿಲ್ಲ. ಅಜ್ಞಾನ ಪರೀಷಹಕ್ಕೆ ಜ್ಞಾನಾವರಣ ಕರ್ಮ ಕಾರಣ. ಅಲಾಭಕ್ಕೆ ಅಂತರಾಯ ಕರ್ಮ ಕಾರಣ. ಅಂತರಾಯದಲ್ಲಿಯೂ ಐದು ಬಗೆ. ಲಾಭಾಂತರಾಯ ಬೇರೆ, ಶಕ್ತಿಗೂ ಉತ್ಸಾಹಕ್ಕೂ ಅಡ್ಡಬರುವ ವೀರ್ಯಾಂತರಾಯ ಬೇರೆ. ಪ್ರತಿಯೊಂದಕ್ಕೂ ಪ್ರತ್ಯೇಕ ಖಾತೆ.

ಫಲಿತಾಂಶದ ದಿನ ನಮ್ಮ ಮನೆಗಳಲ್ಲಿ ನಡೆಯುವುದು ಈ ಖಾತೆಗಳ ಕಲಬೆರಕೆ. ‘ಸೀಟು ದೊರೆಯಲಿಲ್ಲ’ ಎಂಬುದು ಲಾಭದ ಖಾತೆಯ ಮಾತು. ‘ನಾನು ದಡ್ಡ’ ಎಂಬುದು ಜ್ಞಾನದ ಖಾತೆಗೆ ಸೇರಿದ್ದು. ‘ಇನ್ನು ನನ್ನಿಂದೇನೂ ಆಗದು’ ಎಂಬುದು ವೀರ್ಯದ ಖಾತೆಯದು. ಮೊದಲನೆಯದೊಂದೇ ನಡೆದ ಸಂಗತಿ. ಉಳಿದೆರಡನ್ನು ನಾವೇ ಬರೆದು ಸೇರಿಸುತ್ತೇವೆ. ಜ್ಞಾನಾವರಣವಾದರೂ ಜೀವವನ್ನು ಪೂರ್ತಿ ಮುಚ್ಚಬಲ್ಲುದೆ? ನಿಗೋದದಲ್ಲಿರುವ ಜೀವಕ್ಕೂ ಜ್ಞಾನದ ಒಂದು ಅತಿಸೂಕ್ಷ್ಮ ಅಂಶ ಸದಾ ತೆರೆದೇ ಇರುತ್ತದೆಂದು ಆಗಮ ಹೇಳುತ್ತದೆ. ಜ್ಞಾನವು ಆತ್ಮದ ಸ್ವಭಾವ. ಯಾವ ಸಂಸ್ಥೆಯೂ ಅದನ್ನು ಕೊಡಲೂ ಆರದು, ಕಸಿದುಕೊಳ್ಳಲೂ ಆರದು. ಸಂಸ್ಥೆ ಕೊಡುವುದು ಸ್ಥಳವನ್ನು, ಗುರುಗಳನ್ನು, ಗ್ರಂಥಾಲಯವನ್ನು. ಅವು ಅಮೂಲ್ಯವೇ, ಒಂದೇ ಊರಿನಲ್ಲಿ ಇರುವವಲ್ಲ, ಅಷ್ಟೆ.

(ಅಜ್ಞಾನದ ಪಕ್ಕದಲ್ಲಿಯೇ ‘ಪ್ರಜ್ಞಾ’ ಎಂಬ ಪರೀಷಹವೂ ಇದೆ. ತಿಳಿವಿನ ಗರ್ವವನ್ನು ಗೆಲ್ಲುವ ಪರೀಕ್ಷೆ ಅದು. ಸೀಟು ದೊರೆತ ಮಕ್ಕಳ ತಂದೆತಾಯಿಯರು ಪೇಡೆ ಹಂಚುವ ಮೊದಲು ಅದನ್ನೂ ಓದಿಕೊಳ್ಳಬಹುದು.)

‘ಅವನ ಕರ್ಮ’ ಎಂದು ಕೈತೊಳೆದುಕೊಳ್ಳುವ ಹಿರಿಯರಿಗೆ ಒಂದು ಮಾತು. ಕರ್ಮಸಿದ್ಧಾಂತವನ್ನು ಹೀಗೆ ಅರ್ಧಕ್ಕೆ ಓದಬಾರದು. ಅದೇ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣ ಕರ್ಮ ನಮಗೆ ಹೇಗೆ ಅಂಟುತ್ತದೆಂಬುದರ ವಿವರವಿದೆ. ಜ್ಞಾನದ ಬಗ್ಗೆ ಅಸಹನೆ, ತಿಳಿದದ್ದನ್ನು ಮುಚ್ಚಿಡುವುದು, ಮಾತ್ಸರ್ಯ, ಕಲಿಯುವವರಿಗೆ ವಿಘ್ನ, ಅವಮಾನ, ದೂಷಣೆ. ಸೋತು ಕುಳಿತ ಮಗುವಿನ ಮುಂದೆ ನೆರೆಮನೆಯವರ ರ‍್ಯಾಂಕಿನ ವರ್ಣನೆ ಮಾಡುವವರು, ‘ಇಷ್ಟು ದುಡ್ಡು ಸುರಿದದ್ದು ವ್ಯರ್ಥ’ ಎನ್ನುವವರು ಮಗುವಿನ ಕರ್ಮವನ್ನು ಎಣಿಸುವ ಮೊದಲು ಆ ಕ್ಷಣದಲ್ಲಿ ತಮಗೆ ಅಂಟುತ್ತಿರುವುದೇನೆಂದು ನೋಡಿಕೊಳ್ಳಲಿ. ಕಲಿಯುವ ಮಗುವಿನ ಉತ್ಸಾಹವನ್ನು ಮುರಿಯುವುದು ಜ್ಞಾನಕ್ಕೇ ಮಾಡುವ ವಿಘ್ನ.

ಇಂಥ ಸಂದರ್ಭದಲ್ಲಿ ಅಕಲಂಕ ನಿಷ್ಕಲಂಕರ ಕಥೆಯನ್ನು ಹೇಳುವ ರೂಢಿ ನಮ್ಮಲ್ಲಿದೆ. ಕಥಾಕೋಶದ ಪ್ರಕಾರ ಅವರು ನಮ್ಮ ಮಾನ್ಯಖೇಟದವರೇ, ಮಂತ್ರಿಯ ಮಕ್ಕಳು. ಜೈನರಿಗೆ ಪ್ರವೇಶವಿಲ್ಲದ ಬೌದ್ಧ ವಿದ್ಯಾಲಯದಲ್ಲಿ ಗುರುತು ಮರೆಸಿ ಓದಿದರು. ಸಿಕ್ಕಿಬಿದ್ದು ಓಡುವಾಗ ಅಣ್ಣನನ್ನು ಉಳಿಸಲು ತಮ್ಮ ನಿಷ್ಕಲಂಕ ಪ್ರಾಣ ಕೊಟ್ಟನು. ಅಕಲಂಕದೇವರ ನ್ಯಾಯಗ್ರಂಥಗಳಿಗೆ ತಲೆಬಾಗುತ್ತೇನೆ. ಆದರೂ ವಿದ್ಯೆಗಾಗಿ ಪ್ರಾಣವೇ ಹೋದ ಕಥೆಯನ್ನು ನೊಂದು ಕುಳಿತ ಹದಿನೆಂಟರ ಮಕ್ಕಳಿಗೆ ಸ್ಫೂರ್ತಿಗೆಂದು ಹೇಳಲು ನನಗೆ ಮನಸ್ಸು ಬಾರದು. ಫಲಿತಾಂಶ ಬಂದ ವಾರದಲ್ಲಿ ಪತ್ರಿಕೆಯ ಒಳಪುಟಗಳಲ್ಲಿ ಬರುವ ಸಣ್ಣ ಸಣ್ಣ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಅಹಿಂಸೆ ತನ್ನ ಜೀವಕ್ಕೂ ಅನ್ವಯಿಸುವ ವ್ರತ. ಕಷಾಯದ ಆವೇಗದಲ್ಲಿ ತನ್ನ ಪ್ರಾಣವನ್ನು ತೆಗೆದುಕೊಳ್ಳುವುದು ಹಿಂಸೆಯೇ ಎಂದು ಅಮೃತಚಂದ್ರಾಚಾರ್ಯರು ಸ್ಪಷ್ಟಪಡಿಸಿದ್ದಾರೆ. ಆದರೆ ಅಂಥ ಹೊತ್ತಿನಲ್ಲಿ ಮಗುವಿಗೆ ಉಪದೇಶ ಬೇಡ, ಜೊತೆಗೆ ಒಬ್ಬರು ಬೇಕು. ಒಂಟಿಯಾಗಿ ಬಿಡಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಹೇಳಬೇಕಾದ ಕಥೆ ಆದಿನಾಥ ಸ್ವಾಮಿಯದು. ದೀಕ್ಷೆ ವಹಿಸಿ ಆರು ತಿಂಗಳು ಉಪವಾಸವಿದ್ದು, ಬಳಿಕ ಆಹಾರಕ್ಕೆಂದು ಹೊರಟಾಗ ಜನರು ರತ್ನಗಳನ್ನು ತಂದರು, ಆನೆ ಕುದುರೆಗಳನ್ನು ತಂದರು, ಕನ್ಯೆಯರನ್ನು ಒಪ್ಪಿಸಲು ಬಂದರು. ಒಂದು ತುತ್ತು ಅನ್ನ ಕೊಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಮತ್ತೆ ಆರು ತಿಂಗಳಿಗೂ ಹೆಚ್ಚು ಕಾಲ ಊರೂರು ಸುತ್ತಿ, ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನಿಗೆ ಪೂರ್ವಜನ್ಮದ ಸ್ಮರಣೆಯಾಗಿ ಕಬ್ಬಿನ ರಸವನ್ನು ನೀಡಿದನು. ಅಕ್ಷಯ ತೃತೀಯೆಯಂದು ನಾವು ಆ ರಸವನ್ನು ನೆನೆಯುತ್ತೇವೆ. ಅದಕ್ಕೆ ಮೊದಲಿನ ಬರಿಗೈಯ ತಿಂಗಳುಗಳನ್ನು ನೆನೆಯುವುದು ಕಡಿಮೆ. ಆ ತಿಂಗಳುಗಳಲ್ಲಿಯೂ ಸ್ವಾಮಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊಡುವವರಿಗೆ ಕ್ರಮ ತಿಳಿದಿರಲಿಲ್ಲ.

ಅದು ತೀರ್ಥಂಕರರ ಮಾತಾಯಿತು, ನಮ್ಮಂಥವರಿಗೆ ಎಟುಕೀತೆ ಎನ್ನುವವರು ಸೇಡಂ ತಾಲ್ಲೂಕಿನ ಮಳಖೇಡಕ್ಕೇ ಬರಲಿ. ಕಾಗಿಣಾ ನದಿಯ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗ ಪುಷ್ಪದಂತನೆಂಬ ಅಪಭ್ರಂಶ ಕವಿ ಇಲ್ಲಿದ್ದನು. ಕೃಶದೇಹ, ಬಡತನ. ಹಿಂದೆ ಆಶ್ರಯಿಸಿದ್ದ ರಾಜಸಭೆಯೊಂದರಲ್ಲಿ ಅವಮಾನಿತನಾಗಿ, ದೂರದ ದಾರಿ ನಡೆದು ದಣಿದು, ಊರ ಹೊರಗಿನ ಉದ್ಯಾನದಲ್ಲಿ ಕುಳಿತಿದ್ದನು. ಇಬ್ಬರು ಬಂದು ಊರೊಳಗೆ ಬರಬಾರದೇಕೆ ಎಂದು ಕೇಳಿದರೆ, ಅರಸರ ಗಂಟಿಕ್ಕಿದ ಹುಬ್ಬು ನೋಡುವುದಕ್ಕಿಂತ ಬೆಟ್ಟದ ಗುಹೆಯಲ್ಲಿ ಸಾಯುವುದು ಲೇಸೆಂಬ ಅರ್ಥದ ಉತ್ತರ ಕೊಟ್ಟನು. ನಿರಾಕೃತನಾದವನ ಕಹಿಯನ್ನು ಇಷ್ಟು ನೇರವಾಗಿ ದಾಖಲಿಸಿಕೊಂಡ ಕವಿಗಳು ವಿರಳ. ಕೃಷ್ಣ ಮಹಾರಾಜನ ಮಂತ್ರಿ ಭರತನು ಅವನನ್ನು ಮನೆಗೆ ಕರೆತಂದು ಆದರಿಸಿದನು. ಹೆಚ್ಚು ಸಾಂತ್ವನದ ಮಾತಾಡಲಿಲ್ಲ. ಅರುವತ್ತಮೂರು ಶಲಾಕಾಪುರುಷರ ಚರಿತೆಯನ್ನು ಬರೆ ಎಂದು ಕೆಲಸ ಕೊಟ್ಟನು. 959ರಲ್ಲಿ ಮಹಾಪುರಾಣ ಆರಂಭವಾಯಿತು.

ಕಥೆ ಇಲ್ಲಿಗೇ ಸುಖಾಂತವಾಗಲಿಲ್ಲ. ಆದಿಪುರಾಣದ ಭಾಗ ಮುಗಿಯುತ್ತಲೇ ಕವಿಯ ಮನಸ್ಸು ಮತ್ತೆ ಕುಸಿಯಿತು. ಆಶ್ರಯವಿತ್ತು, ಗೌರವವಿತ್ತು, ಬರೆಯುವ ಬಲ ಮಾತ್ರ ಉಡುಗಿತ್ತು. ಕನಸಿನಲ್ಲಿ ಸರಸ್ವತಿ ಕಾಣಿಸಿಕೊಂಡು ಅರ್ಹಂತರಿಗೆ ನಮಿಸೆಂದಳೆಂದು ಅವನೇ ಹೇಳಿಕೊಂಡಿದ್ದಾನೆ. ಭರತನೂ ಬಂದು ಕೇಳಿಕೊಂಡನು. ಕವಿ ಮತ್ತೆ ಲೇಖನಿ ಹಿಡಿದನು. 102 ಸಂಧಿಗಳ ಗ್ರಂಥ 965ರಲ್ಲಿ ಪೂರ್ಣವಾಯಿತು. ಅವನಿಗೆ ಭರವಸೆ ಒಮ್ಮೆ ದೊರೆತು ಹಾಗೆಯೇ ಉಳಿಯಲಿಲ್ಲ; ಎರಡು ಸಲ ಹುಡುಕಿಕೊಳ್ಳಬೇಕಾಯಿತು, ಎರಡು ಸಲವೂ ಪಕ್ಕದಲ್ಲಿ ಒಬ್ಬ ಗೃಹಸ್ಥನಿದ್ದನು. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಪುಷ್ಪದಂತನ ಕಾವ್ಯವನ್ನು ಪಿ.ಎಲ್. ವೈದ್ಯರು 1937ರಿಂದ 1941ರ ನಡುವೆ ಮೂರು ಸಂಪುಟಗಳಲ್ಲಿ ಸಂಪಾದಿಸಿದರು.

ಮಕ್ಕಳನ್ನು ಒಂದು ಭಾನುವಾರ ಮಳಖೇಡಕ್ಕೆ ಕರೆದುಕೊಂಡು ಹೋಗಿ. ನೇಮಿನಾಥ ಬಸದಿಯಲ್ಲಿ ದರ್ಶನ ಮಾಡಿ, ಕೋಟೆಯ ಕಡೆ ಒಂದಿಷ್ಟು ನಡೆದಾಡಿ, ಬುತ್ತಿ ಬಿಚ್ಚಿ ಉಣ್ಣಿ. ರ‍್ಯಾಂಕಿನ ಮಾತು ತೆಗೆಯಬೇಡಿ. ಹೊರಡುವ ಮೊದಲು ಎರಡನೆಯ ಸುತ್ತಿನ ಸೀಟು ಹಂಚಿಕೆಗೆ ಆಯ್ಕೆ ನಮೂದಿಸುವ ಕೊನೆಯ ದಿನ ಯಾವುದೆಂದು ಮಾತ್ರ ನೋಡಿಟ್ಟುಕೊಂಡಿರಿ.