ಆಟವೂ ಆರೈಕೆಯೇ: ಅಂಗವೈಕಲ್ಯ, ಆರೋಗ್ಯ ಮತ್ತು ಕ್ರೀಡೆ

ಶಾಲೆಯಲ್ಲಿ ಆಟದ ಅವಧಿಯ ಗಂಟೆ ಬಾರಿಸಿದೊಡನೆ ಮಕ್ಕಳೆಲ್ಲರೂ ಬಯಲಿಗೆ ಓಡುತ್ತಾರೆ. ಒಂದು ಮಗು ಮಾತ್ರ ಓಡುವುದಿಲ್ಲ. ಅದರ ಕಾಲಿನಲ್ಲಿ ಬಲವಿಲ್ಲ, ಅಥವಾ ಕಣ್ಣಿನಲ್ಲಿ ಬೆಳಕಿಲ್ಲ. ಕನಿಕರವುಳ್ಳ ಉಪಾಧ್ಯಾಯರು ಅದನ್ನು ಮರದ ನೆರಳಿನಲ್ಲಿ ಕುಳ್ಳಿರಿಸಿ, ಉಳಿದವರ ಚೀಲಗಳನ್ನು ಕಾಯುವ ಅಥವಾ ಅಂಕಗಳನ್ನು ಬರೆದುಕೊಳ್ಳುವ ಕೆಲಸವನ್ನು ಒಪ್ಪಿಸುತ್ತಾರೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆಟವೆಂಬುದು ಗಟ್ಟಿಮುಟ್ಟಾದವರ ಸೊತ್ತು, ಅಶಕ್ತರಿಗೆ ಬೇಕಾದುದು ವಿಶ್ರಾಂತಿ ಎಂಬ ಹಳೆಯ ನಂಬಿಕೆಯೊಂದೇ ಇದರ ಹಿಂದೆ ಇದೆ.

ಈ ನಂಬಿಕೆ ತಪ್ಪೆಂಬುದನ್ನು ವೈದ್ಯಶಾಸ್ತ್ರವು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕಂಡುಕೊಂಡಿತು. ಅದು ಪುಸ್ತಕದಲ್ಲಿ ಹುಟ್ಟಿದ ತತ್ತ್ವವಲ್ಲ. ಬದುಕುವ ಆಸೆಯನ್ನೇ ತೊರೆದಿದ್ದ ರೋಗಿಗಳ ಹಾಸಿಗೆಯ ಬಳಿಯಲ್ಲಿ ಮೂಡಿಬಂದ ಅರಿವು. ಆ ಅರಿವು ಹೇಗೆ ಬಂದಿತು, ಅದರಿಂದ ವಿದ್ಯಾಸಂಸ್ಥೆಗಳು ಕಲಿಯಬೇಕಾದುದೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಾಸಿಗೆಯೇ ಲೋಕವಾಗಿದ್ದ ಕಾಲ

ಮೆದುಳಿನಿಂದ ಹೊರಟು ಬೆನ್ನುಮೂಳೆಯ ಕಾಲುವೆಯೊಳಗೆ ಇಳಿಯುವ ನರಗಳ ಕಟ್ಟಿಗೆ ಬೆನ್ನುಹುರಿ ಎಂದು ಹೆಸರು. ಚಲನೆಯ ಆಜ್ಞೆಗಳು ಕೆಳಗಿಳಿಯುವುದೂ ಸ್ಪರ್ಶ, ನೋವು, ಬಿಸಿ, ತಂಪುಗಳ ಸುದ್ದಿ ಮೇಲೇರುವುದೂ ಈ ದಾರಿಯಲ್ಲಿಯೇ. ಇದು ಪೂರ್ಣವಾಗಿ ತುಂಡಾದರೆ ಗಾಯದ ಕೆಳಗಿನ ಭಾಗಕ್ಕೆ ಚಲನೆಯೂ ಇಲ್ಲ, ಸಂವೇದನೆಯೂ ಇಲ್ಲ. ಮೂತ್ರಕೋಶದ ಹತೋಟಿಯೂ ತಪ್ಪುತ್ತದೆ.

ಆದರೆ ಹಿಂದಿನ ಕಾಲದಲ್ಲಿ ಇಂಥ ರೋಗಿಗಳ ಪ್ರಾಣವನ್ನು ತೆಗೆಯುತ್ತಿದ್ದುದು ಮುಖ್ಯವಾಗಿ ಬೆನ್ನುಹುರಿಯ ಗಾಯವಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಚರ್ಮ ಕೊಳೆತು ಆಗುವ ಹಾಸಿಗೆ ಹುಣ್ಣು, ನಿಂತ ಮೂತ್ರದಿಂದ ಮೂತ್ರಪಿಂಡಕ್ಕೆ ಏರುವ ಸೋಂಕು, ಇವೆರಡರಿಂದ ರಕ್ತಕ್ಕೆ ಸೇರುವ ನಂಜು, ಇವೇ ಅವರನ್ನು ಕೊಲ್ಲುತ್ತಿದ್ದವು. ಮೊದಲನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರಲ್ಲಿ ಬಹುಮಂದಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತೀರಿಕೊಂಡರು.

1917ರಲ್ಲಿ ಅಂದಿನ ಜರ್ಮನಿಯ ಗಣಿ ಪ್ರದೇಶದ ಆಸ್ಪತ್ರೆಯೊಂದರಲ್ಲಿ ಸೇವೆಗೆ ನಿಂತಿದ್ದ ಯುವಕನೊಬ್ಬ ಇಂಥದೊಂದು ಸಾವನ್ನು ಕಣ್ಣಾರೆ ಕಂಡ. ಬೆನ್ನು ಮುರಿದು ಬಂದಿದ್ದ ಗಣಿ ಕಾರ್ಮಿಕನು ತರುಣ, ದೃಢಕಾಯ. ಆತ ಹೇಗೂ ಉಳಿಯುವುದಿಲ್ಲ, ವಿವರ ಬರೆದಿಡುವ ಶ್ರಮವೇ ಬೇಡ ಎಂದು ಹಿರಿಯರು ಹೇಳಿದರು. ಐದು ವಾರಗಳಲ್ಲಿ ಅವರ ಮಾತು ನಿಜವಾಯಿತು. ಆ ಯುವಕನಿಗೆ ಮಾತ್ರ ಅದು ಮರೆಯಲಾಗದ ಘಟನೆಯಾಯಿತು. ಆತನೇ ಮುಂದೆ ಪ್ರಖ್ಯಾತ ನರವೈದ್ಯರಾದ ಲುಡ್ವಿಗ್ ಗುಟ್‌ಮನ್.

ಸ್ಟೋಕ್ ಮ್ಯಾಂಡೆವಿಲ್‌ನ ಪ್ರಯೋಗ

1899ರಲ್ಲಿ ಯಹೂದಿ ಕುಟುಂಬದಲ್ಲಿ ಜನಿಸಿದ ಗುಟ್‌ಮನ್ನರು ಬ್ರೆಸ್ಲಾವ್ ನಗರದಲ್ಲಿ ಹೆಸರಾಂತ ವೈದ್ಯರಾಗಿದ್ದರೂ ನಾಜಿ ಆಡಳಿತದಲ್ಲಿ ಹುದ್ದೆಯನ್ನು ಕಳೆದುಕೊಂಡರು. 1939ರಲ್ಲಿ ಸಂಸಾರಸಮೇತರಾಗಿ ಇಂಗ್ಲೆಂಡಿನ ಆಶ್ರಯ ಪಡೆದರು. ಯುದ್ಧದಲ್ಲಿ ಗಾಯಗೊಂಡು ಬರುವವರಿಗಾಗಿ ಬ್ರಿಟಿಷ್ ಸರಕಾರವು ಐಲ್ಸ್‌ಬರಿ ಬಳಿಯ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರ ಫೆಬ್ರವರಿ 1ರಂದು ಬೆನ್ನುಹುರಿ ಗಾಯಾಳುಗಳ ವಿಭಾಗವನ್ನು ತೆರೆದು ಅವರ ಕೈಗೆ ಒಪ್ಪಿಸಿತು.

ಅವರು ಮೊದಲು ಮಾಡಿದ ಕೆಲಸ ಬಲು ಸರಳವಾದುದು. ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬ ರೋಗಿಯ ಮಗ್ಗುಲನ್ನು ಬದಲಿಸಲು ವ್ಯವಸ್ಥೆ ಮಾಡಿದರು. ಮೂತ್ರವನ್ನು ಹೊರತೆಗೆಯುವಾಗ ಕಟ್ಟುನಿಟ್ಟಿನ ಶುಚಿತ್ವವನ್ನು ವಿಧಿಸಿದರು. ಸಾಯುವರೆಂದು ಕೈಬಿಟ್ಟಿದ್ದವರು ಬದುಕತೊಡಗಿದರು.

ಬದುಕಿದವರ ಮುಂದೆ ಈಗ ಮತ್ತೊಂದು ಪ್ರಶ್ನೆ ನಿಂತಿತು. ಇಪ್ಪತ್ತು, ಇಪ್ಪತ್ತೈದರ ವಯಸ್ಸಿನ ತರುಣರು ಮುಂದಿನ ಬಾಳನ್ನು ಕಳೆಯುವುದು ಹೇಗೆ? ಕೇವಲ ಉಸಿರಾಡುತ್ತ ಮಲಗಿರುವುದಕ್ಕಾಗಿ ಅವರನ್ನು ಉಳಿಸಿದ್ದೇ? ಗುಟ್‌ಮನ್ನರು ಆಸ್ಪತ್ರೆಯಲ್ಲಿಯೇ ಮರಗೆಲಸ, ಗಡಿಯಾರ ದುರಸ್ತಿ ಮೊದಲಾದ ಕಸುಬುಗಳನ್ನು ಕಲಿಸುವ ಏರ್ಪಾಡು ಮಾಡಿದರು. ಇದೇ ಕಾಲದಲ್ಲಿ ರೋಗಿಗಳು ಗಾಲಿಕುರ್ಚಿಗಳಲ್ಲಿ ಕುಳಿತು, ಊರುಗೋಲುಗಳನ್ನು ತಲೆಕೆಳಗಾಗಿ ಹಿಡಿದು, ಬಿಲ್ಲೆಯೊಂದನ್ನು ಅತ್ತಿಂದಿತ್ತ ಹೊಡೆದಾಡುವ ಆಟ ಅಲ್ಲಿ ರೂಢಿಗೆ ಬಂದಿತು. ಅದು ಒರಟಾದ ಆಟವಾಗಿದ್ದುದರಿಂದ ಹೆಚ್ಚು ಕಾಲ ಉಳಿಯಲಿಲ್ಲ. ಆದರೆ ಹಾಸಿಗೆಯಲ್ಲಿ ಗೋಡೆಯತ್ತ ಮುಖ ತಿರುಗಿಸಿದ್ದವರು ಆಟದಲ್ಲಿ ಕೂಗಾಡುವುದನ್ನು ಕಂಡ ವೈದ್ಯರಿಗೆ ಅದರ ಮಹತ್ತ್ವ ಹೊಳೆಯಿತು. ಬಿಲ್ಲುಗಾರಿಕೆ, ಮೇಜಿನ ಟೆನಿಸ್, ಬ್ಯಾಸ್ಕೆಟ್‌ಬಾಲ್, ಈಜು ಕ್ರಮೇಣ ಚಿಕಿತ್ಸೆಯ ಅಂಗಗಳಾದವು.

ಬಿಲ್ಲೇ ಏಕೆ?

ಆಟದ ಆಯ್ಕೆಯ ಹಿಂದೆ ಶರೀರಶಾಸ್ತ್ರದ ತರ್ಕವಿತ್ತು. ಬಿಲ್ಲುಗಾರಿಕೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಬೆನ್ನಿನ ಇಕ್ಕೆಲಗಳಲ್ಲಿ ಹರಡಿಕೊಂಡಿರುವ ಲ್ಯಾಟಿಸಿಮಸ್ ಡಾರ್ಸಿ ಎಂಬ ಅಗಲವಾದ ಸ್ನಾಯುವೊಂದಿದೆ. ಇದರ ಮೇಲ್ತುದಿ ತೋಳಿನ ಮೂಳೆಗೂ ಕೆಳತುದಿ ಬೆನ್ನುಮೂಳೆಯ ಕೆಳಭಾಗ ಹಾಗೂ ಸೊಂಟದ ಎಲುಬಿಗೂ ಅಂಟಿಕೊಂಡಿದೆ. ಆದರೆ ಇದಕ್ಕೆ ನರಗಳು ಬರುವುದು ಕುತ್ತಿಗೆಯ ಭಾಗದ ಬೆನ್ನುಹುರಿಯಿಂದ. ಆದ್ದರಿಂದ ಎದೆಯ ಅಥವಾ ನಡುವಿನ ಮಟ್ಟದಲ್ಲಿ ಬೆನ್ನುಹುರಿ ತುಂಡಾದವನಲ್ಲಿಯೂ ಈ ಸ್ನಾಯು ಜೀವಂತವಾಗಿರುತ್ತದೆ. ಸಂವೇದನೆಯುಳ್ಳ ಮೇಲಿನ ದೇಹಕ್ಕೂ ಸಂವೇದನೆಯಿಲ್ಲದ ಕೆಳಗಿನ ದೇಹಕ್ಕೂ ಇದೊಂದು ಸೇತುವೆ. ಹೆದೆಯನ್ನು ಎಳೆದು, ಮೈಯನ್ನು ಅಲುಗಿಸದೆ ಗುರಿಯಿಡುವಾಗ ಈ ಸ್ನಾಯುವೂ ಭುಜದ ಸ್ನಾಯುಗಳೂ ಬಲಗೊಳ್ಳುತ್ತವೆ. ಕುಳಿತಲ್ಲಿ ಸಮತೋಲ ಕಾಯ್ದುಕೊಳ್ಳುವ ಶಕ್ತಿ ಮರಳಿ ಬರುತ್ತದೆ. ಕುರ್ಚಿಯಿಂದ ಹಾಸಿಗೆಗೆ ತಾನೇ ಸರಿಯಲು, ಬಟ್ಟೆ ತೊಡಲು ಬೇಕಾದುದು ಇದೇ ಶಕ್ತಿ. ಬಿಲ್ಲುಗಾರಿಕೆಯಿಂದ ಬೆನ್ನುಹುರಿ ಗಾಯಾಳುಗಳಿಗೆ ಆಗುವ ಪ್ರಯೋಜನವನ್ನು ಪ್ರಯೋಗಗಳ ಮೂಲಕ ಪರೀಕ್ಷಿಸಿ ಗುಟ್‌ಮನ್ ಮತ್ತು ಮೆಹ್ರಾ 1973ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು.

ಇನ್ನೊಂದು ಗುಣವೂ ಗಮನಾರ್ಹ. ಬಿಲ್ಲು ಹಿಡಿದಾಗ ನಿಂತವನಿಗೂ ಕುಳಿತವನಿಗೂ ಗುರಿ ಒಂದೇ. ನ್ಯೂಜಿಲೆಂಡಿನ ನೆರೋಲಿ ಫೇರ್‌ಹಾಲ್ ಎಂಬ ಮಹಿಳೆ 1982ರ ಬ್ರಿಸ್ಬೇನ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಗಾಲಿಕುರ್ಚಿಯಲ್ಲಿ ಕುಳಿತೇ ಬಿಲ್ಲುಗಾರಿಕೆಯ ಚಿನ್ನದ ಪದಕ ಗೆದ್ದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿಯೂ ಸ್ಪರ್ಧಿಸಿದರು.

ಒಂದು ಸಣ್ಣ ಸ್ಪರ್ಧೆಯಿಂದ ವಿಶ್ವಕ್ರೀಡೆಗೆ

1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಆರಂಭವಾಯಿತು. ಅದೇ ದಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 14 ಪುರುಷರು ಮತ್ತು ಇಬ್ಬರು ಮಹಿಳೆಯರ ಬಿಲ್ಲುಗಾರಿಕೆಯ ಸ್ಪರ್ಧೆಯೊಂದು ನಡೆಯಿತು. ಎಲ್ಲರೂ ಗಾಲಿಕುರ್ಚಿಯವರೇ. 1952ರಲ್ಲಿ ನೆದರ್ಲೆಂಡ್ಸಿನ ತಂಡ ಬಂದು ಸೇರಿದಾಗ ಅದು ಅಂತರರಾಷ್ಟ್ರೀಯ ಕ್ರೀಡೆಯಾಯಿತು. 1960ರಲ್ಲಿ ರೋಮ್ ನಗರದಲ್ಲಿ 23 ದೇಶಗಳ ಸುಮಾರು 400 ಮಂದಿ ಸ್ಪರ್ಧಿಸಿದರು; ಅದನ್ನೇ ಇಂದು ಮೊದಲನೆಯ ಪ್ಯಾರಾಲಿಂಪಿಕ್ಸ್ ಎಂದು ಎಣಿಸಲಾಗುತ್ತದೆ. 1976ರ ಟೊರಾಂಟೊ ಕ್ರೀಡೆಗಳಲ್ಲಿ ಅಂಧರಿಗೂ ಕೈಕಾಲು ಕಳೆದುಕೊಂಡವರಿಗೂ ಅವಕಾಶ ದೊರೆಯಿತು. ಗುಟ್‌ಮನ್ನರು 1980ರಲ್ಲಿ ನಿಧನ ಹೊಂದಿದರು. 1988ರಲ್ಲಿ ಸೋಲ್ ನಗರದಲ್ಲಿ ಒಲಿಂಪಿಕ್ಸ್ ನಡೆದ ಕ್ರೀಡಾಂಗಣಗಳಲ್ಲಿಯೇ ಪ್ಯಾರಾಲಿಂಪಿಕ್ಸ್ ನಡೆದುದನ್ನು ನೋಡಲು ಅವರಿರಲಿಲ್ಲ.

ಭಾರತದಲ್ಲಿ, ಕನ್ನಡ ನಾಡಿನಲ್ಲಿ

ನಮ್ಮ ದೇಶದ ಮೊದಲ ಪ್ಯಾರಾಲಿಂಪಿಕ್ ಚಿನ್ನವೂ ಯುದ್ಧಭೂಮಿಯ ಗಾಯದಿಂದಲೇ ಹುಟ್ಟಿದ್ದು. ಸೈನಿಕರೂ ಮುಷ್ಟಿಕಾಳಗದ ಪಟುವೂ ಆಗಿದ್ದ ಮುರಳಿಕಾಂತ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದು ಕಾಲುಗಳ ಬಲ ಕಳೆದುಕೊಂಡರು. ಬಳಿಕ ಈಜನ್ನು ಅಭ್ಯಾಸಮಾಡಿ 1972ರ ಹೈಡಲ್‌ಬರ್ಗ್ ಕ್ರೀಡೆಗಳಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು.

ಕರ್ನಾಟಕವೂ ಈ ಕ್ಷೇತ್ರದಲ್ಲಿ ಹಿಂದುಳಿದಿಲ್ಲ. ಶೈಶವದಲ್ಲಿಯೇ ಪೋಲಿಯೋಗೆ ತುತ್ತಾಗಿ ಹಲವಾರು ಶಸ್ತ್ರಚಿಕಿತ್ಸೆಗಳನ್ನು ಸಹಿಸಿದ ಮಾಲತಿ ಹೊಳ್ಳ ಅವರಿಗೆ 1995ರಲ್ಲಿ ಅರ್ಜುನ ಪ್ರಶಸ್ತಿಯೂ 2001ರಲ್ಲಿ ಪದ್ಮಶ್ರೀಯೂ ಸಂದವು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಪದಕ ತಂದರು. ಆ ಕ್ರೀಡೆಗಳಲ್ಲಿ ಭಾರತಕ್ಕೆ ದೊರೆತ ಪದಕ ಅದೊಂದೇ. ಅದೇ ವರ್ಷ ಬೆಂಗಳೂರಿನಲ್ಲಿ ನಡೆದ ಅಂಧರ ಟಿ-20 ಕ್ರಿಕೆಟ್ ವಿಶ್ವಕಪ್ಪನ್ನು ಕನ್ನಡಿಗ ಶೇಖರ್ ನಾಯಕ್ ಅವರ ನಾಯಕತ್ವದಲ್ಲಿ ಭಾರತ ಗೆದ್ದುಕೊಂಡಿತು.

ಇಂಥ ಸಾಧಕರ ಹೆಸರನ್ನು ಹೇಳುವಾಗ ಒಂದು ಎಚ್ಚರ ಅಗತ್ಯ. ಪದಕವೇ ಅಳತೆಗೋಲಾದರೆ, ಪದಕ ಗೆಲ್ಲಲಾರದ ಸಾವಿರಾರು ಮಕ್ಕಳು ಮತ್ತೆ ಮರದ ನೆರಳಿಗೇ ಹೋಗಬೇಕಾಗುತ್ತದೆ. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಇವರೆಲ್ಲರಿಗೂ ಬೇಕಾದುದು ವಿಜಯವೇದಿಕೆಯಲ್ಲ. ದಿನಕ್ಕೊಂದಷ್ಟು ಹೊತ್ತು ಮೈ ದಣಿಯುವ, ಮನ ಅರಳುವ, ಗೆಳೆಯರು ಸಿಗುವ ಆಟ.

ಇಂದಿನ ವಿಜ್ಞಾನದ ಅಭಿಪ್ರಾಯ

ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ ವರ್ಗೀಕರಣದ ಪ್ರಕಾರ ಅಂಗವೈಕಲ್ಯವೆಂಬುದು ಕೇವಲ ದೇಹದ ಊನವಲ್ಲ. ದೇಹಸ್ಥಿತಿಯೂ ಸುತ್ತಲಿನ ಪರಿಸರವೂ ಸೇರಿ ಅದನ್ನು ರೂಪಿಸುತ್ತವೆ. ಗಾಲಿಕುರ್ಚಿಯ ಬಾಲಕನನ್ನು ಆಟದಿಂದ ದೂರವಿಡುವುದು ಅವನ ಕಾಲು ಎಷ್ಟೋ, ಬಯಲಿಗೆ ಇಳಿಯುವ ಮೂರು ಮೆಟ್ಟಿಲುಗಳೂ ಅಷ್ಟೇ. ಅದೇ ಸಂಸ್ಥೆ 2020ರಲ್ಲಿ ಹೊರಡಿಸಿದ ದೈಹಿಕ ಚಟುವಟಿಕೆಯ ಮಾರ್ಗದರ್ಶಿಯಲ್ಲಿ ಮೊದಲ ಬಾರಿಗೆ ಅಂಗವಿಕಲರಿಗೂ ಪ್ರತ್ಯೇಕ ಸಲಹೆಗಳನ್ನು ನೀಡಿತು. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂಬುದು ಅದರ ಸಾರ. ಇತರರಿಗೆ ಹೇಳಿದ ಪ್ರಮಾಣವೂ ಇದೇ ಎಂಬುದನ್ನು ಗಮನಿಸಬೇಕು. ಅಷ್ಟು ಸಾಧ್ಯವಾಗದಿದ್ದರೂ ಸ್ವಲ್ಪವಾದರೂ ಮಾಡುವುದು ಏನೂ ಮಾಡದಿರುವುದಕ್ಕಿಂತ ಮೇಲು.

ಆಟವು ತುಂಡಾದ ಬೆನ್ನುಹುರಿಯನ್ನು ಬೆಸೆಯಲಾರದು, ಹೋದ ದೃಷ್ಟಿಯನ್ನು ತರಲಾರದು. ಅದು ಉಳಿದ ಶಕ್ತಿಯನ್ನು ಬೆಳೆಸುತ್ತದೆ, ಹೃದಯ, ಶ್ವಾಸಕೋಶಗಳನ್ನು ಕಾಪಾಡುತ್ತದೆ, ಖಿನ್ನತೆಯನ್ನು ತಗ್ಗಿಸುತ್ತದೆ. ವಿವೇಕವೂ ಅಗತ್ಯ. ಬೆನ್ನುಹುರಿಯ ಮೇಲ್ಭಾಗದಲ್ಲಿ ಗಾಯವಾದವರ ದೇಹ ಸರಿಯಾಗಿ ಬೆವರುವುದಿಲ್ಲವಾದ್ದರಿಂದ ಬಿಸಿಲು ಅವರಿಗೆ ಅಪಾಯಕಾರಿ. ಗಾಲಿಕುರ್ಚಿಯವರ ಭುಜಗಳಿಗೆ ಅತಿಶ್ರಮ ಸಲ್ಲದು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕುತ್ತಿಗೆಯ ಕೀಲು ಸಡಿಲವಾಗಿರುವುದರಿಂದ ಲಾಗ ಹಾಕಿಸುವ ಮುನ್ನ ವೈದ್ಯರನ್ನು ಕೇಳಬೇಕು. ಆದರೆ ಎಚ್ಚರಿಕೆಯ ಹೆಸರಿನಲ್ಲಿ ಆಟವನ್ನೇ ನಿಲ್ಲಿಸುವುದು ಎಚ್ಚರಿಕೆಯಲ್ಲ.

ನಿಯಮವು ಮಗುವಿಗಾಗಿ

ಆಟಕ್ಕೆ ಮಗುವನ್ನು ಒಗ್ಗಿಸಲಾಗದಿದ್ದರೆ ಮಗುವಿಗೆ ಆಟವನ್ನು ಒಗ್ಗಿಸಬಹುದು. ಅಂಧರ ಕ್ರಿಕೆಟ್ಟಿನಲ್ಲಿ ಸದ್ದುಮಾಡುವ ಪ್ಲಾಸ್ಟಿಕ್ ಚೆಂಡನ್ನು ಕೈ ಕೆಳಗಿನಿಂದ ಎಸೆಯುತ್ತಾರೆ; ಬ್ಯಾಟುಗಾರ ಕಿವಿಯಿಂದ ಅದನ್ನು ಕಾಣುತ್ತಾನೆ. ಗಾಲಿಕುರ್ಚಿಯ ಟೆನಿಸ್ಸಿನಲ್ಲಿ ಚೆಂಡು ಎರಡು ಸಲ ಪುಟಿಯಬಹುದು. ಕುಳಿತು ಆಡುವ ವಾಲಿಬಾಲ್‌ನಲ್ಲಿ ಪುರುಷರ ಬಲೆಯ ಎತ್ತರ 1.15 ಮೀಟರ್, ಮಹಿಳೆಯರದು 1.05 ಮೀಟರ್. ಇವು ಕನಿಕರದ ರಿಯಾಯಿತಿಗಳಲ್ಲ. ಆ ಆಟಗಳ ಅಧಿಕೃತ ನಿಯಮಗಳು. ಇದೇ ಬಗೆಯಲ್ಲಿ ಯಾವ ಶಾಲೆಯಾದರೂ ತನ್ನ ಆಟಗಳನ್ನು ಮಾರ್ಪಡಿಸಿಕೊಳ್ಳಬಹುದು. ಕೇರಂ, ಚದುರಂಗ, ಗುರಿಯೆಸೆತ, ಗೆಜ್ಜೆ ಕಟ್ಟಿದ ಚೆಂಡು, ಇವುಗಳಿಗೆ ಹೆಚ್ಚಿನ ವೆಚ್ಚ ತಗಲುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೆಯ ಅನುಚ್ಛೇದವು ಶಾಲೆಯೂ ಸೇರಿದಂತೆ ಎಲ್ಲೆಡೆ ಅಂಗವಿಕಲ ಮಕ್ಕಳಿಗೆ ಆಟ, ವಿನೋದ, ಕ್ರೀಡೆಗಳಲ್ಲಿ ಸಮಾನ ಅವಕಾಶವಿರಬೇಕೆಂದು ವಿಧಿಸಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 16ನೆಯ ಪ್ರಕರಣವು ಸರಕಾರದ ನೆರವು ಅಥವಾ ಮಾನ್ಯತೆ ಪಡೆದ ವಿದ್ಯಾಸಂಸ್ಥೆಗಳು ಇಂಥ ಮಕ್ಕಳಿಗೆ ಇತರರೊಡನೆ ಸಮಾನವಾಗಿ ಕ್ರೀಡೆ ಹಾಗೂ ಮನೋರಂಜನೆಯ ಅವಕಾಶ ನೀಡಬೇಕೆನ್ನುತ್ತದೆ.

ಕಾನೂನಿನ ಅಕ್ಷರಕ್ಕೆ ಜೀವ ತುಂಬುವವರು ಉಪಾಧ್ಯಾಯರು, ಹಳೆಯ ವಿದ್ಯಾರ್ಥಿಗಳು ಹಾಗೂ ದಾನಿಗಳು. ಕಟ್ಟಡಕ್ಕೆ ಮತ್ತೊಂದು ಕೊಠಡಿ ಕಟ್ಟಿಸಿಕೊಡುವವರು, ಬಯಲಿನವರೆಗೆ ಒಂದು ಇಳಿಜಾರು ದಾರಿಯನ್ನೂ ಗಾಲಿಕುರ್ಚಿ ಹೋಗುವಂಥ ಅಗಲ ಬಾಗಿಲಿನ ಶೌಚಾಲಯವನ್ನೂ ನೆನೆಯಬಹುದು. ಶೌಚಾಲಯವಿಲ್ಲವೆಂದು ದಿನವಿಡೀ ನೀರನ್ನೇ ಕುಡಿಯದೆ ಕುಳಿತಿರುವ ಮಗು ಆಡಲು ಬರುವುದಾದರೂ ಹೇಗೆ? ದೈಹಿಕ ಶಿಕ್ಷಕರು ವರ್ಷಾರಂಭದಲ್ಲಿ ಅಂಥ ಪ್ರತಿಯೊಂದು ಮಗುವನ್ನು ಕರೆದು ನಿನಗೇನು ಆಗದು ಎಂದು ಕೇಳುವುದಕ್ಕೆ ಬದಲಾಗಿ ನೀನೇನು ಆಡಬಲ್ಲೆ ಎಂದು ಕೇಳಬಹುದು.

ಉಳಿಯುವುದಿಲ್ಲವೆಂದು ವೈದ್ಯರೇ ಕೈಬಿಟ್ಟಿದ್ದವರ ಕೈಗೆ ಬಿಲ್ಲು ಬಂದುದು, ಅವರ ಬಗ್ಗೆ ಬೇರೊಂದು ರೀತಿಯಲ್ಲಿ ಯೋಚಿಸುವವರು ಒಬ್ಬರು ದೊರೆತಾಗ. ನಮ್ಮ ಶಾಲೆಗಳ ಮರದ ನೆರಳಿನಲ್ಲಿ ಚೀಲ ಕಾಯುತ್ತ ಕುಳಿತಿರುವ ಮಗುವಿಗೆ ಬೇಕಾಗಿರುವುದೂ ಅಂಥ ಒಬ್ಬರೇ. ಆ ಮಗುವನ್ನು ಬಯಲಿಗೆ ಕರೆತರುವ ಸಂಸ್ಥೆಯು ವಿದ್ಯಾದಾನದ ಅರ್ಥವನ್ನು ಪೂರ್ಣಗೊಳಿಸಿದಂತಾಗುತ್ತದೆ.