ಬೆಟ್ಟಾ ಮೀನಿಗೆ ಬಾಟಲಿ ಸಾಕಾ?

ಬೆಟ್ಟಾ ಗದ್ದೆ ನೀರಿನ ಮೀನು, ಜಾಮ್ ಬಾಟಲಿ ಸಾಕು ಅನ್ನೋರು ಬಹಳ ಜನ. ಇದು ಅರ್ಧ ನಿಜ. ಥಾಯ್ಲೆಂಡಿನ ಭತ್ತದ ಗದ್ದೆ, ಜೌಗುಗಳಲ್ಲಿ ನೀರಿನ ಆಳ ಕಡಿಮೆ, ಹರವು ಮಾತ್ರ ದೊಡ್ಡದು. ಈ ಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು, ಹಾಗಾಗಿ ಬಾಟಲಿಯಲ್ಲೂ ತಕ್ಷಣ ಸಾಯಲ್ಲ. ಆದರೆ ಸಾಯದೆ ಇರೋದು ಬೇರೆ, ಚೆನ್ನಾಗಿರೋದು ಬೇರೆ. ಅದರ ತ್ಯಾಜ್ಯದಿಂದ ಹುಟ್ಟೋ ಅಮೋನಿಯಾ ಚೂರು ನೀರಲ್ಲಿ ಬೇಗ ವಿಷವಾಗುತ್ತೆ. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ ಕಡೆ ಧನುರ್ಮಾಸದ ಚಳಿಗೆ ಬಾಟಲಿ ನೀರು ಬೆಳಗಾಗೋದ್ರೊಳಗೆ ಕೊರೆಯುತ್ತೆ. ಬೆಟ್ಟಾಗೆ ಬೇಕಿರೋದು 24ರಿಂದ 28 ಡಿಗ್ರಿ. 20 ಲೀಟರ್ ತೊಟ್ಟಿಯ ನೀರು ಅಷ್ಟು ಬೇಗ ಏರುಪೇರಾಗಲ್ಲ. ಚಳಿಗಾಲಕ್ಕೆ ಸಣ್ಣ ಹೀಟರ್ ಇರಲೇಬೇಕು.

ಜಾಗ ಬೇಕಿರೋದು ನೀರಿನ ಲೆಕ್ಕಕ್ಕಷ್ಟೇ ಅಲ್ಲ, ಮೀನಿನ ಸ್ವಭಾವಕ್ಕೂ. ಮೀನಿಗೆಂಥ ಸ್ವಭಾವ, ಕೈ ಕಂಡರೆ ಊಟಕ್ಕೆ ಬರುತ್ತೆ ಅಷ್ಟೇ ಅಂತೀರಾ? ಊಟದಾಸೆ ಎಲ್ಲಕ್ಕೂ ಇದೆ, ಒಪ್ಪೋಣ. ಆದರೆ ಕನ್ನಡಿ ತೋರಿಸಿದಾಗ ಒಂದು ಬೆಟ್ಟಾ ಕಿವಿರು ಅರಳಿಸಿ ಎರಗುತ್ತೆ, ಇನ್ನೊಂದು ಗಿಡದ ಹಿಂದೆ ಸರಿಯುತ್ತೆ. ಮತ್ತೆ ಮತ್ತೆ ಪರೀಕ್ಷಿಸಿದರೂ ಇಂಥ ವ್ಯತ್ಯಾಸ ಉಳಿಯೋದನ್ನ ಸಂಶೋಧಕರು ದಾಖಲಿಸಿದ್ದಾರೆ. ಅಂಜೋ ಮೀನಿಗೆ ಅಡಗೋಕೆ ಮರೆ ಬೇಕು, ಮುನ್ನುಗ್ಗೋದಕ್ಕೆ ಈಜೋ ಜಾಗ ಬೇಕು. ಬಾಟಲಿಯಲ್ಲಿ ಎರಡೂ ಇಲ್ಲ. ತೊಟ್ಟಿ ದೊಡ್ಡದಾದರೂ ಗಂಡು ಒಂದೇ ಇರಲಿ, ಎರಡಾದರೆ ಕಾದಾಡ್ತವೆ.